ವೈನ್ ಘಟಕದ ಕೆಲಸಗಾರರಿಗೆ ದುಡ್ಡು ಎತ್ತಿ ನಾನು ಮಾಡಿದ ಎಡವಟ್ಟು

ಮೊದಲೇ ಹೇಳಿಬಿಡುತ್ತೇನೆ, ಇದು ಯಾರೋ ದುಡ್ಡು ತಿಂದು ಓಡಿಹೋದ ಕಥೆಯಲ್ಲ. ಓಡಿಹೋಗಿದ್ದರೆ ಪೊಲೀಸರಿಗೆ ಕಂಪ್ಲೇಂಟ್ ಕೊಟ್ಟು, ನಾಲ್ಕು ದಿನ ಬೈದುಕೊಂಡು ಸುಮ್ಮನಾಗಬಹುದಿತ್ತು. ನಾವು ಎತ್ತಿದ ದುಡ್ಡು ಕೆಲಸಗಾರರ ಕೈಗೇ ಹೋಯಿತು. ಆದರೂ ಅವರಿಗೆ ನಷ್ಟವಾಯಿತು. ಅದಕ್ಕೆ ಕಾರಣ ನಾನು, ನನ್ನ ಆತುರ, ಮತ್ತು ಒಂದು ಎ4 ಹಾಳೆ.

ಕುಶಾಲನಗರದಲ್ಲಿ ನನ್ನದು ಸಣ್ಣ ಜೆರಾಕ್ಸ್ ಅಂಗಡಿ. ಪ್ರಿಂಟಿಂಗ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಎಲ್ಲಾ ಮಾಡುತ್ತೇನೆ. ಊರಿಂದ ಸ್ವಲ್ಪ ಆಚೆ ಒಂದು ವೈನ್ ಘಟಕ ಇತ್ತು. ಹೆಸರು ಹೇಳುವುದಿಲ್ಲ, ಕೇಳಬೇಡಿ. ಮಡಿಕೇರಿಯ ಅಂಗಡಿ ಸಾಲುಗಳಲ್ಲಿ ಪ್ರವಾಸಿಗರು ಕೊಳ್ಳುವ 'ಹೋಮ್ ಮೇಡ್' ವೈನ್ ಅಲ್ಲ, ಪರವಾನಗಿ ತಗೊಂಡು ನಡೆಸುತ್ತಿದ್ದ ಘಟಕ. ನಮ್ಮ ಮಳೆಗೆ ಇಲ್ಲಿ ದ್ರಾಕ್ಷಿ ಸರಿಯಾಗಿ ಬರುವುದಿಲ್ಲ, ಅದಕ್ಕೆ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಕಡೆಯಿಂದ ಬೆಂಗಳೂರು ಬ್ಲೂ ಲಾರಿಯಲ್ಲಿ ಬರುತ್ತಿತ್ತು. ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್ ಮಾತ್ರ ಇಲ್ಲಿಯದೇ. ಅವರ ಪೆಟ್ಟಿಗೆಗೆ ಹಚ್ಚುವ ಚೀಟಿ ನಾನೇ ಪ್ರಿಂಟ್ ಮಾಡಿ ಕೊಡುತ್ತಿದ್ದೆ. ಆ ಚೀಟಿ ತಗೊಂಡು ಹೋಗಲು ಒಬ್ಬ ಅಕ್ಕ ಬರುತ್ತಿದ್ದರು. ದ್ರಾಕ್ಷಿ ಬಂದ ವಾರ ಅವರ ಬೆರಳೆಲ್ಲ ನಮ್ಮ ಕಡೆ ಕಕ್ಕಡ ಅನ್ನುವ ಮಳೆ ತಿಂಗಳಲ್ಲಿ ಮದ್ದು ಸೊಪ್ಪು ಹಿಂಡಿದವರ ಹಾಗೆ ನೇರಳೆ. ನನ್ನ ರಸೀದಿ ಪುಸ್ತಕದಲ್ಲಿ ಇವತ್ತಿಗೂ ಅವರ ಹೆಬ್ಬೆರಳಿನ ಗುರುತು ಇದೆ.

ಘಟಕ ಮುಚ್ಚಿದ್ದು ಜೂನ್ ಕೊನೆಗೆ. ನಮ್ಮ ರಾಜ್ಯದಲ್ಲಿ ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಮಾಲೀಕರು ಪರವಾನಗಿ ನವೀಕರಿಸಲಿಲ್ಲ, ಬ್ಯಾಂಕಿನ ಸಾಲ ತಲೆಮೇಲೆ ಇತ್ತು ಅಂತ ಆಮೇಲೆ ಗೊತ್ತಾಯಿತು. ಬಾಗಿಲಿಗೆ ಬೀಗ. ಮೂರು ತಿಂಗಳ ಸಂಬಳ ಬಾಕಿ. ನನ್ನ ಪ್ರಿಂಟಿಂಗ್ ಬಿಲ್ಲೂ ಬಾಕಿ, ಆದರೆ ಅದು ಬಿಡಿ.

ಕೊಡಗಿನವರಿಗೆ ಜುಲೈ ಅಂದರೆ ಏನು ಅಂತ ಹೇಳಬೇಕಿಲ್ಲ. ಕಾಫಿ ಕೊಯ್ಲು ಶುರುವಾಗಲು ನವೆಂಬರ್ ಬರಬೇಕು. ಮೆಣಸು ಮುಗಿದಿರುತ್ತದೆ. ನಾಟಿ ಕೆಲಸ ಸಿಕ್ಕರೆ ಸಿಕ್ಕಿತು, ಅದೂ ನಾಲ್ಕಾರು ದಿನ. ಮಳೆ ಸುರಿಯುತ್ತಾ ಇರುವಾಗ ಮನೆಯಲ್ಲಿ ಕೂತು ಅಕ್ಕಿ ಡಬ್ಬ ನೋಡುವ ಕಾಲ ಅದು.

2018ರ ಆಗಸ್ಟ್‌ನಲ್ಲಿ ನಮ್ಮೂರಿನ ಬಡಾವಣೆಗಳಿಗೂ ನೀರು ನುಗ್ಗಿತ್ತು, ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಜಾರಿದ್ದವು. ಆಗ ನಾನು ಪರಿಹಾರ ಸಾಮಾನು ಇಳಿಸುವ ಕೆಲಸ ಮಾಡಿದ್ದೆ. ಜನ ಎಷ್ಟು ಬೇಗ ಕೈ ಬಿಚ್ಚುತ್ತಾರೆ ಅಂತ ಕಣ್ಣಾರೆ ಕಂಡಿದ್ದೆ. ಅದೇ ಧೈರ್ಯದಲ್ಲಿ, 'ನಾವೇ ಕ್ರೌಡ್‌ಫಂಡಿಂಗ್ ಮಾಡಿದರೆ ಹೇಗೆ' ಅಂದುಬಿಟ್ಟೆ.

ಮೊದಲನೇ ತಪ್ಪು ಇಲ್ಲಿ. ಕ್ರೌಡ್‌ಫಂಡಿಂಗ್ ವೆಬ್‌ಸೈಟುಗಳಲ್ಲಿ ಹಾಕಲು ಹೋದರೆ ದಾಖಲೆ ಕೇಳುತ್ತಾರೆ, ಶುಲ್ಕ ಹಿಡಿಯುತ್ತಾರೆ, ನಾಲ್ಕು ದಿನ ತಡ. ಯಾಕೆ ಆ ರಗಳೆ ಅಂತ ನನ್ನ ಸ್ವಂತ ಉಳಿತಾಯ ಖಾತೆಯ ಕ್ಯೂಆರ್ ಕೋಡನ್ನೇ ಪೋಸ್ಟರಿಗೆ ಹಾಕಿ, ನನ್ನದೇ ಅಂಗಡಿಯಲ್ಲಿ ಪ್ರಿಂಟ್ ಹೊಡೆದು, ಲ್ಯಾಮಿನೇಟ್ ಮಾಡಿ, ವಾಟ್ಸಾಪಿಗೂ ಬಿಟ್ಟೆ. ಬೇಕರಿಯಲ್ಲಿ ಒಂದು, ಬಸ್ ಸ್ಟ್ಯಾಂಡ್ ಹತ್ತಿರ ಒಂದು, ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಒಂದು. ಹದಿನೈದು ದಿನದಲ್ಲಿ 3,12,000 ರೂಪಾಯಿ! ಐವತ್ತು ರೂಪಾಯಿ ಹಾಕಿದವರೂ ಇದ್ದರು, ಬೆಂಗಳೂರಿನಿಂದ ಹತ್ತು ಸಾವಿರ ಹಾಕಿದವರೂ ಇದ್ದರು.

ಈ ಹೊತ್ತಿಗೆ ಸಲಹೆ ಕೊಡುವವರೂ ಜಾಸ್ತಿಯಾದರು. ಬೆಂಗಳೂರಿನ ಒಬ್ಬ ಹುಡುಗ ಫೋನ್ ಮಾಡಿ, '500 ರೂಪಾಯಿ ಕೊಟ್ಟವರಿಗೆ ಒಂದು ಬಾಟಲಿ ವೈನ್ ಅಂತ ಹಾಕಿ ಸಾರ್, ಹತ್ತು ಲಕ್ಷ ಬರುತ್ತೆ' ಅಂದ. ಪುಣ್ಯಕ್ಕೆ ಅದನ್ನು ಕೇಳಲಿಲ್ಲ. ಪರವಾನಗಿ ಇಲ್ಲದೆ ದುಡ್ಡು ತಗೊಂಡು ಬಾಟಲಿ ಕೊಟ್ಟರೆ ಅದು ಮದ್ಯ ಮಾರಾಟವೇ, 1965ರ ಅಬಕಾರಿ ಕಾಯ್ದೆ ನಮ್ಮ ಒಳ್ಳೆ ಮನಸ್ಸನ್ನೆಲ್ಲ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. 'ಸಂಬಳದ ಬದಲು ಒಳಗಿರುವ ಸ್ಟಾಕನ್ನೇ ಹಂಚಿಕೊಳ್ಳೋಣ' ಅಂತ ಕೆಲಸಗಾರರಲ್ಲೇ ಇಬ್ಬರು ಹೇಳಿದ್ದರು. ಹಾಗೆ ಮಾಡಿದ್ದರೆ ಸಂಬಳ ಕೇಳಬೇಕಾದವರೇ ಕೇಸ್ ಹಾಕಿಸಿಕೊಂಡು ಅಲೆಯಬೇಕಿತ್ತು. ಅಮೆರಿಕದಲ್ಲಿರುವ ನಮ್ಮ ಕಡೆಯವರೊಬ್ಬರು ದೊಡ್ಡ ಮೊತ್ತ ಕಳಿಸುತ್ತೇನೆ ಅಂದರು. ಅವರದ್ದು ಈಗ ಅಲ್ಲಿನ ಪಾಸ್‌ಪೋರ್ಟ್. ವಿದೇಶಿ ಪಾಸ್‌ಪೋರ್ಟ್ ಇರುವವರ ದುಡ್ಡು ವಿದೇಶಿ ದೇಣಿಗೆಯ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ 2010ರ ಕಾಯ್ದೆ ಬೇರೆ ಇದೆ ಅಂತ ಪರಿಚಯದ ಆಡಿಟರ್ ತಡೆದರು. ಅದೇ ಆಡಿಟರ್ ಆಮೇಲೆ ನನ್ನ ಖಾತೆ ನೋಡಿ ತಲೆ ಚಚ್ಚಿಕೊಂಡರು. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿ ಸುಮ್ನೆ ದುಡ್ಡು ಬಂದರೆ, ಅಷ್ಟನ್ನೂ ನನ್ನ ಆದಾಯ ಅಂತ ಹಿಡಿಯಬಹುದು. ನನ್ನದಲ್ಲ ಅಂತ ತೋರಿಸುವ ಭಾರ ನನ್ನ ಮೇಲೆ. ಇದು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಜುಲೈ ಮೂರನೇ ವಾರ ಪೇಪರ್ ಬಂಡಲ್‌ಗೆ ದುಡ್ಡು ಕಳಿಸಲು ಹೋದೆ, ಹೋಗಲಿಲ್ಲ. ಇನ್ನೊಮ್ಮೆ ಒತ್ತಿದೆ, ಇಲ್ಲ. ಬ್ಯಾಂಕಿಗೆ ಹೋದರೆ ಕೌಂಟರಿನ ಹುಡುಗಿ ದನಿ ತಗ್ಗಿಸಿ, 'ನಿಮ್ಮ ಅಕೌಂಟ್ ಫ್ರೀಜ್ ಆಗಿದೆ, ಸೈಬರ್ ಕ್ರೈಮಿನಿಂದ ಬಂದಿದೆ' ಅಂದರು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನನ್ನ ಬೆನ್ನು ನೋಡುತ್ತಿದ್ದ ಹಾಗೆ ಅನ್ನಿಸಿತು. ಆಗಿದ್ದು ಇಷ್ಟು: ಎಲ್ಲೋ ಬೇರೆ ರಾಜ್ಯದಲ್ಲಿ ಯಾರಿಗೋ ಆನ್‌ಲೈನ್ ಮೋಸವಾಗಿದೆ, ಅವರು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದಾರೆ, ಆ ದುಡ್ಡು ಕೈಯಿಂದ ಕೈಗೆ ದಾಟಿದ ಸರಪಳಿಯಲ್ಲಿ ನಮಗೆ 2,000 ರೂಪಾಯಿ ಹಾಕಿದ ಯಾರದೋ ಖಾತೆ ಇದೆ. ಆ ಎರಡು ಸಾವಿರಕ್ಕೆ ನನ್ನ ಇಡೀ ಖಾತೆಗೆ ಬೀಗ. ಕೆಲಸಗಾರರ ದುಡ್ಡೂ ಅಲ್ಲೇ, ನನ್ನ ಅಂಗಡಿಯ ದುಡ್ಡೂ ಅಲ್ಲೇ, ಮಗಳ ಫೀಸಿಗೆ ಇಟ್ಟಿದ್ದೂ ಅಲ್ಲೇ.

ಆರು ವಾರ. ಇಮೇಲ್ ಬರೆದೆ, ಸ್ಟೇಟ್‌ಮೆಂಟ್ ಕಳಿಸಿದೆ, ಪೋಸ್ಟರಿನ ಫೋಟೋ ಕಳಿಸಿದೆ, ಭಾಷೆ ಬಾರದ ಊರಿನ ಪೊಲೀಸ್ ಠಾಣೆಗೆ ಅರ್ಧ ಹಿಂದಿಯಲ್ಲಿ ಫೋನ್ ಮಾಡಿದೆ. ಆ ಆರು ವಾರ ಊರಲ್ಲಿ ಏನು ಮಾತು ಹಬ್ಬಿತು ಅಂತ ನೀವೇ ಊಹಿಸಿ. 'ಜೆರಾಕ್ಸ್‌ನವನು ನುಂಗಿದ.' ಬೇಕರಿಯವನು ಪೋಸ್ಟರ್ ಕಿತ್ತು, ಏನೂ ಮಾತಾಡದೆ ನನ್ನ ಟೇಬಲ್ ಮೇಲೆ ಇಟ್ಟು ಹೋದ. ಅದು ನನಗೆ ಬೈಗುಳಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಖಾತೆ ಬಿಟ್ಟ ದಿನ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಈ ದುಡ್ಡು ನನ್ನ ಕೈಯಿಂದ ಇವತ್ತೇ ಹೋಗಬೇಕು.

ಘಟಕದಲ್ಲಿ ಒಬ್ಬ ರೈಟರ್ ಇದ್ದ. ನಮ್ಮ ಕಡೆ ತೋಟದ ಸೂಪರ್‌ವೈಸರನ್ನು ಹಾಗೇ ಕರೆಯುತ್ತೇವೆ, ಅವನೂ ಮೊದಲು ತೋಟದಲ್ಲಿ ಇದ್ದವನು. ಜುಲೈನಿಂದಲೂ ನಮ್ಮ ಜೊತೆ ಓಡಾಡಿದ್ದ. ಕೆಲಸಗಾರರ ಪಟ್ಟಿ ಅವನೇ ಕೊಟ್ಟ, 19 ಹೆಸರು. 'ಎಲ್ಲರನ್ನೂ ಒಂದು ಕಡೆ ಸೇರಿಸ್ತೀನಿ, ನೀವು ದುಡ್ಡು ತನ್ನಿ, ಕೊಟ್ಟಿದ್ದಕ್ಕೆ ಸಹಿ ತಗೊಂಡರೆ ನಿಮಗೂ ಸೇಫ್' ಅಂದ. ಸಹಿ ಅಂದ ಕೂಡಲೇ ನನಗೆ ಹಾಯೆನಿಸಿತು. ಲೆಕ್ಕ ಪಕ್ಕಾ ಆಗುತ್ತಲ್ವಾ! ಅವನೇ ಪೆನ್ ಡ್ರೈವಿನಲ್ಲಿ ಒಂದು ಫೈಲ್ ತಂದ. ಇಂಗ್ಲಿಷಿನಲ್ಲಿ ಅರ್ಧ ಪುಟ. ನಾನು ಮಾರ್ಜಿನ್ ಸರಿ ಮಾಡಿದೆ, ಅಕ್ಷರ ಸ್ವಲ್ಪ ದೊಡ್ಡದು ಮಾಡಿದೆ, ರೆವಿನ್ಯೂ ಸ್ಟಾಂಪಿಗೆ ಕೆಳಗೆ ಜಾಗ ಬಿಟ್ಟೆ, 19 ಪ್ರತಿ ತೆಗೆದೆ. ಓದಲಿಲ್ಲ. ಅಂಗಡಿಯಲ್ಲಿ ಕೂತು ಹತ್ತು ವರ್ಷದಿಂದ ಬೇರೆಯವರ ಕಾಗದ ಪ್ರಿಂಟ್ ಮಾಡಿ ಮಾಡಿ, ಅಕ್ಷರದ ಆಕಾರ ನೋಡುತ್ತೇನೆ, ಓದುವ ಅಭ್ಯಾಸವೇ ಹೋಗಿದೆ.

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರದಲ್ಲಿತ್ತು. ಬೀಗ ಹಾಕಿದ ಘಟಕದ ಗೇಟಿನ ಮುಂದೆಯೇ ಎಲ್ಲರಿಗೂ 16,000 ರೂಪಾಯಿಯ ಲಕೋಟೆ ಕೊಟ್ಟೆವು. ಅಲ್ಲಿ ಹಂಚಿದ್ದೂ ಅವನ ಐಡಿಯಾ. ಸಹಿ ಹಾಕಿದ ಹಾಳೆಗಳನ್ನೆಲ್ಲ ಅವನೇ ಒಟ್ಟು ಮಾಡಿಕೊಂಡ, 'ಜೆರಾಕ್ಸ್ ಮಾಡಿ ನಿಮಗೂ ಕೊಡ್ತೀನಿ' ಅಂದ. ಜೆರಾಕ್ಸ್ ಅಂಗಡಿಯವನಿಗೆ!

ಆ ನೇರಳೆ ಬೆರಳಿನ ಅಕ್ಕ ಗೇಟಿನ ಆಚೆ ಕೊಡೆ ಹಿಡಿದು ನಿಂತಿದ್ದರು. ಅವರ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲ. ಹಣ್ಣು ತೊಳೆಯುವ, ಚೀಟಿ ಅಂಟಿಸುವ ಏಳು ಜನ ಹೆಂಗಸರು ದಿನಗೂಲಿ ಲೆಕ್ಕದವರು, 'ಅವರು ಪರ್ಮನೆಂಟ್ ಅಲ್ಲ ಸಾರ್' ಅಂದ ರೈಟರ್. ಆರೇಳು ವರ್ಷ ನನ್ನ ಅಂಗಡಿಗೆ ಬಂದವರ ಹೆಸರು ಪಟ್ಟಿಯಲ್ಲಿ ಇದೆಯಾ ಅಂತ ನೋಡುವುದು ನನಗೆ ಹೊಳೆಯಲಿಲ್ಲ ಅಂದರೆ ಏನು ಹೇಳಲಿ. ಉಳಿದಿದ್ದ 8,000 ರೂಪಾಯಿಯನ್ನು ಅವರಿಗೆ ಹಂಚಿದೆವು. ಒಬ್ಬೊಬ್ಬರಿಗೆ ಬಂದದ್ದು ಸಾವಿರದ ಚಿಲ್ಲರೆ.

ಅಕ್ಟೋಬರ್‌ನಲ್ಲಿ ಕೆಲವರು ಬಾಕಿ ಸಂಬಳ ಕೇಳಲು ಮಡಿಕೇರಿಯ ಕಾರ್ಮಿಕ ಇಲಾಖೆಗೆ ಹೋದರು. ಮಾಲೀಕರ ಕಡೆಯವರು ಒಂದು ಕಟ್ಟು ಕಾಗದ ಮುಂದಿಟ್ಟರು. ನಾನು ಪ್ರಿಂಟ್ ತೆಗೆದದ್ದೇ. ಅದರಲ್ಲಿ ಇದ್ದದ್ದು, 'ಸಂಬಳ, ಗ್ರಾಚ್ಯುಯಿಟಿ (ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡುಗಂಟು) ಸೇರಿ ನನಗೆ ಬರಬೇಕಾದ ಎಲ್ಲವೂ ಸಂದಿದೆ, ಲೆಕ್ಕ ಚುಕ್ತಾ ಆಗಿದೆ, ಇನ್ನು ಯಾವ ಬಾಕಿಯೂ ಇಲ್ಲ' ಅಂತ. ದಾನ ಅನ್ನುವ ಮಾತೇ ಇಲ್ಲ. ದುಡ್ಡು ಯಾರದು ಅಂತಲೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಐವತ್ತು ರೂಪಾಯಿ ಹಾಕಿದ ಮನುಷ್ಯ ಮಾಲೀಕನ ಸಾಲ ತೀರಿಸಿದ ಹಾಗಾಯಿತು.

ಲೆಕ್ಕ ಹೇಳುತ್ತೇನೆ ಕೇಳಿ. ತಿಂಗಳಿಗೆ 13,000 ಸಂಬಳ, ಆರು ವರ್ಷ ದುಡಿದ ಒಬ್ಬರನ್ನು ತಗೊಳ್ಳಿ. ಮೂರು ತಿಂಗಳ ಬಾಕಿ 39,000. ಗ್ರಾಚ್ಯುಯಿಟಿ ಅಂದರೆ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸಬೇಕು: 45,000. ಒಟ್ಟು 84,000. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಡೆ ಐದು ವರ್ಷ ದಾಟಿದವರಿಗೆ 1972ರ ಕಾಯ್ದೆಯಲ್ಲೇ ಇದ್ದ ಹಕ್ಕು ಇದು, ಮಾಲೀಕರ ಕೃಪೆ ಅಲ್ಲ. ನಾನು 16,000ದ ಲಕೋಟೆ ಕೊಟ್ಟು 84,000ಕ್ಕೆ ಅಡ್ಡಗಾಲು ಹಾಕಿದೆ.

ಈಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಒಬ್ಬ ವಕೀಲರು ನೋಡುತ್ತಿದ್ದಾರೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ: ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆ ಕೆಲಸಗಾರರಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ನಾವು ಜುಲೈನಲ್ಲೇ ಮಾಡಬೇಕಿದ್ದ ಕೆಲಸ ಅದು, ಪೋಸ್ಟರಿಗೂ ಮೊದಲು. ಗ್ರಾಚ್ಯುಯಿಟಿಯನ್ನು ಹೀಗೆ ಸಹಿ ಹಾಕಿಸಿ ಬಿಟ್ಟುಕೊಡಿಸಲು ಬರುವುದಿಲ್ಲ, ಆ ಕಾಗದ ಕೊನೆಗೆ ನಿಲ್ಲಲಿಕ್ಕಿಲ್ಲ ಅಂತ ವಕೀಲರು ಹೇಳುತ್ತಾರೆ. ಆದರೆ 'ಕೊನೆಗೆ' ಅನ್ನುವುದು ಯಾವಾಗ? ಮಡಿಕೇರಿಗೆ ಹೋಗಿಬರುವ ಪ್ರತಿ ದಿನವೂ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಕೊಯ್ಲಿನ ಕಾಲದಲ್ಲಂತೂ ಕೇಳಲೇಬೇಡಿ. ಮೂವರು ಆಗಲೇ ಬೇಸತ್ತು ಕೈಬಿಟ್ಟಿದ್ದಾರೆ.

ನೀವು ಯಾರಾದರೂ ಹೀಗೆ ದುಡ್ಡು ಎತ್ತಲು ಹೊರಟಿದ್ದರೆ, ದಯವಿಟ್ಟು, ಇಬ್ಬರು ಮೂವರ ಹೆಸರಲ್ಲಿ ಬೇರೆಯೇ ಖಾತೆ ತೆರೆಯಿರಿ, ಅದಕ್ಕೂ ಮೊದಲು ಆಡಿಟರನ್ನು ಕೇಳಿ. ಪಟ್ಟಿಯನ್ನು ಮಾಲೀಕರ ಕಡೆಯವರಿಂದ ತಗೊಳ್ಳಬೇಡಿ, ಕೆಲಸಗಾರರ ಮನೆಗೇ ಹೋಗಿ ಬರೆದುಕೊಳ್ಳಿ, ದಿನಗೂಲಿಯವರನ್ನು ಕೇಳಿ ಕೇಳಿ ಸೇರಿಸಿ. ಬಾಕಿ ಸಂಬಳದ ಅರ್ಜಿ ಮೊದಲು ಇಲಾಖೆಗೆ ಹೋಗಲಿ. ರಸೀದಿಗೆ ಕನ್ನಡದಲ್ಲಿ ಎರಡೇ ಸಾಲು ಸಾಕು, 'ಸಾರ್ವಜನಿಕರು ಕೊಟ್ಟ ನೆರವು ತಲುಪಿದೆ. ಇದಕ್ಕೂ ನನ್ನ ಸಂಬಳದ ಬಾಕಿಗೂ ಸಂಬಂಧವಿಲ್ಲ.' ಆ ಹಾಳೆ ನಿಮ್ಮ ಹತ್ತಿರವೇ ಇರಲಿ. ಗೇಟಿನ ಮುಂದೆ ಅಂತೂ ಹಂಚಲೇಬೇಡಿ.

ಹೋದ ವಾರ ವಕೀಲರು ಫೋನ್ ಮಾಡಿ, ಆ ಫೈಲ್ ನಿಮ್ಮ ಕಂಪ್ಯೂಟರಿನಲ್ಲಿ ಇನ್ನೂ ಇದೆಯಾ ಅಂದರು. ಹುಡುಕಿದೆ. ಪೆನ್ ಡ್ರೈವಿನಿಂದ ಕಾಪಿ ಮಾಡಿದ್ದು ಡೆಸ್ಕ್‌ಟಾಪಿನಲ್ಲೇ ಇತ್ತು, ತಾರೀಕಿನ ಸಮೇತ. ಮದುವೆ ಕಾರ್ಡು, ಬಾಡಿಗೆ ಕರಾರುಗಳ ಮಧ್ಯೆ. ಕಂಪ್ಯೂಟರನ್ನು ಯಾರೂ ಮುಟ್ಟಬೇಡಿ ಅಂತ ಅಂಗಡಿ ಹುಡುಗನಿಗೆ ಹೇಳಿದ್ದೇನೆ. ಸದ್ಯಕ್ಕೆ ಪ್ರಿಂಟಿಂಗ್ ಇಲ್ಲ, ಜೆರಾಕ್ಸ್ ಮಾತ್ರ.