ಚಿತ್ರದುರ್ಗದಲ್ಲಿ ಕ್ರಿಸ್‌ಮಸ್ ಆರಾಧನೆ: ರಾತ್ರಿಯ ಬಲಿಪೂಜೆಗೆ ಹೋಗಬೇಕೋ, ಹಗಲಿನದಕ್ಕೋ?

ಚಿತ್ರದುರ್ಗ ನಗರದ ಒಂದು ಕಥೋಲಿಕ ಚರ್ಚಿನಲ್ಲಿ ಕಳೆದ ಕ್ರಿಸ್‌ಮಸ್‌ನ ರಾತ್ರಿಯ ಬಲಿಪೂಜೆಗೂ (ಕಥೋಲಿಕರ ಮುಖ್ಯ ಆರಾಧನೆ, ಇಂಗ್ಲಿಷಿನಲ್ಲಿ ಮಾಸ್) ಮರುದಿನ ಹಗಲಿನ ಬಲಿಪೂಜೆಗೂ ಹೋಗಿದ್ದೆ. ಹಬ್ಬದ ಅಲಂಕಾರ ನೋಡುವುದಕ್ಕಿಂತ ಮನಸ್ಸಿಗೆ ಒಂದಿಷ್ಟು ಬೆಳಕು, ಒಂದಿಷ್ಟು ವಿಶ್ರಾಂತಿ ಬೇಕೆಂದು ಬರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಕ್ರಿಸ್‌ಮಸ್‌ಗೆ ರಾತ್ರಿ, ಅರುಣೋದಯ ಮತ್ತು ಹಗಲು ಎಂದು ಮೂರು ಬಲಿಪೂಜೆಗಳಿದ್ದು, ಒಂದೊಂದಕ್ಕೂ ಬೇರೆ ಬೇರೆ ಬೈಬಲ್ ವಾಚನಗಳಿವೆ. ಇದು ಕ್ರೈಸ್ತರಲ್ಲೇ ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಮೊದಲು ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ ವಿಷಯ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬ ಹಳ್ಳಿಯಲ್ಲಿ ನಿಜವಾದ ಹುಲ್ಲು, ಎತ್ತು ಮತ್ತು ಕತ್ತೆಗಳನ್ನಿಟ್ಟು ಯೇಸುವಿನ ಜನನದ ದೃಶ್ಯವನ್ನು ಕಟ್ಟಿದ್ದರು. ಇಲ್ಲಿನ ಯುವಕರು ತಮ್ಮ ಗೋದಲಿಗೆ ದುರ್ಗದ ಗುಡ್ಡಗಳಂಥ ಬಂಡೆಗಳನ್ನು ಜೋಡಿಸಿ, ಕುರಿಗಾಹಿಗಳ ಬೊಂಬೆಗಳಿಗೆ ಚಳ್ಳಕೆರೆಯ ಕರಿ ಕಂಬಳಿಯ ತುಂಡುಗಳನ್ನು ಹೊದಿಸಿದ್ದರು. ಕುರಿ ಸಾಕಿ ಬದುಕುವ ಜನ ಇಷ್ಟೊಂದು ಮಂದಿ ಇರುವ ಜಿಲ್ಲೆಯಲ್ಲಿ ಇದಕ್ಕಿಂತ ಒಪ್ಪುವ ಅಲಂಕಾರ ಬೇರೊಂದಿಲ್ಲ. ಅದರ ಮೇಲೆ ಎಡೆಬಿಡದೆ ಮಿಟುಕುತ್ತಿದ್ದ ಬಣ್ಣದ ಸೀರಿಯಲ್ ದೀಪಗಳು ಮಾತ್ರ ಬೇಡವಾಗಿತ್ತು.

ರಾತ್ರಿಯ ಬಲಿಪೂಜೆಯ ಮೊದಲ ವಾಚನ ಪ್ರವಾದಿ ಯೆಶಾಯನ ಗ್ರಂಥದ 9ನೆಯ ಅಧ್ಯಾಯದ್ದು: ಕತ್ತಲೆಯಲ್ಲಿ ನಡೆಯುತ್ತಿದ್ದ ಜನರಿಗೆ ದೊಡ್ಡ ಬೆಳಕು ಕಾಣಿಸಿತು ಎಂಬ ಭಾಗ. ಅದನ್ನು ಓದಿದ ಯುವತಿ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಅವಸರವಿಲ್ಲದೆ ಓದಿದರು. ಅದಕ್ಕೂ ಮೊದಲು, ಹಬ್ಬಕ್ಕೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ಹಾಡದೆ ಬಿಟ್ಟಿದ್ದ ಮಹಿಮೆಯ ಗೀತೆಯನ್ನು ಗಂಟೆಗಳ ನಾದದೊಂದಿಗೆ ಗಾಯನವೃಂದದವರು ಎತ್ತಿಕೊಂಡಾಗ, ಆ ನಾಲ್ಕು ವಾರಗಳ ಕಾಯುವಿಕೆಗೆ ಏನು ಅರ್ಥವಿತ್ತೆಂಬುದು ವಿವರಣೆಯಿಲ್ಲದೆ ತಿಳಿಯಿತು. ಡಿಸೆಂಬರ್ 24ರ ರಾತ್ರಿ ಮಾತ್ರ ಚರ್ಚಿಗೆ ಬರುವವರಿಗೆ ಈ ಸುಖವಿಲ್ಲ ಎನ್ನಲೇಬೇಕಾಗಿದೆ.

ಆ ರಾತ್ರಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗಾಯನವೂ ಅಲ್ಲ, ಪ್ರಬೋಧನೆಯೂ ಅಲ್ಲ. ತಾವು ನಂಬುವುದನ್ನು ಎಲ್ಲರೂ ಒಟ್ಟಾಗಿ ಸಾರುವ ವಿಶ್ವಾಸ ಸಂಗ್ರಹವನ್ನು ಹೇಳುವಾಗ, ದೇವಪುತ್ರನು ಮನುಷ್ಯನಾದನು ಎಂಬ ಸಾಲಿಗೆ ಬೇರೆ ಭಾನುವಾರಗಳಲ್ಲಿ ತಲೆಬಾಗಿಸುವ ಸಭೆ, ಕ್ರಿಸ್‌ಮಸ್ ದಿನ ಮೊಣಕಾಲೂರುತ್ತದೆ. ಹೊಸ ಸೀರೆ, ಇಸ್ತ್ರಿ ಮಾಡಿದ ಪ್ಯಾಂಟು ಯಾವುದನ್ನೂ ಲೆಕ್ಕಿಸದೆ ತುಂಬಿದ ಚರ್ಚು ಒಮ್ಮೆಗೇ ನೆಲಕ್ಕಿಳಿದು ಮೌನವಾಯಿತು. ದೇವರು ಕೆಳಗಿಳಿದು ಬಂದನೆಂದು ನಂಬುವವರು ತಾವೂ ಕೆಳಗಿಳಿಯುತ್ತಾರೆ. ಅಷ್ಟು ಹೊತ್ತು ಯಾರಿಗೂ ತಮ್ಮ ಸ್ಥಾನಮಾನವನ್ನು ಕಾಯುವ ಕೆಲಸವಿರಲಿಲ್ಲ. ವಿಶ್ರಾಂತಿ ಎಂದರೆ ಇದೇ ಇರಬೇಕೆಂದು ನನಗೆ ಅನ್ನಿಸಿತು.

ಕೊರತೆಗಳೂ ಇವೆ. ಅಂಗಳದ ಧ್ವನಿವರ್ಧಕದ ಪ್ರತಿಧ್ವನಿಯಿಂದಾಗಿ ಹಿಂದಿನ ಸಾಲುಗಳಲ್ಲಿ ಪ್ರಬೋಧನೆಯ ಅರ್ಧ ಕೇಳಿಸಲಿಲ್ಲ. ಬಾಲಯೇಸುವಿನ ಪ್ರತಿಮೆಯನ್ನು ಗೋದಲಿಯಲ್ಲಿ ಇರಿಸುವಾಗ ಮೇಲೆದ್ದ ಮೊಬೈಲುಗಳ ನಡುವೆ ಮಕ್ಕಳಿಗಂತೂ ಏನೂ ಕಾಣಲಿಲ್ಲ. ಕೊನೆಯಲ್ಲಿ ಕೇಕ್ ಹಂಚುವಾಗಿನ ನೂಕಾಟವನ್ನು ಹಬ್ಬದ ಲೆಕ್ಕಕ್ಕೆ ಬಿಡಬಹುದು.

ಹಗಲಿನ ಬಲಿಪೂಜೆಯಲ್ಲಿ ಅರ್ಧಕ್ಕರ್ಧ ಬೆಂಚುಗಳು ಖಾಲಿಯಿದ್ದವು. ಆದರೆ ಬೆಳಕು ಕತ್ತಲಲ್ಲಿ ಪ್ರಕಾಶಿಸುತ್ತದೆ, ಕತ್ತಲು ಅದನ್ನು ಗೆಲ್ಲಲಿಲ್ಲ ಎಂಬ, ಯೊವಾನ್ನನ ಶುಭಸಂದೇಶದ ಮೊದಲ ಅಧ್ಯಾಯದ ಮಾತು ಬರುವುದು ಈ ಹಗಲಿನ ವಾಚನದಲ್ಲೇ! ದಣಿದವರೂ ಹೊರೆ ಹೊತ್ತವರೂ ನನ್ನ ಬಳಿಗೆ ಬನ್ನಿರಿ, ನಿಮಗೆ ವಿಶ್ರಾಂತಿ ಕೊಡುವೆನು ಎಂಬ ಯೇಸುವಿನ ಕರೆಯೂ ಹಾಗೆಯೇ ಆಗಮನ ಕಾಲದ ಎರಡನೆಯ ವಾರದ ಬುಧವಾರ, ಬೆರಳೆಣಿಕೆಯ ಜನರೆದುರು ಓದಿ ಮುಗಿದಿರುತ್ತದೆ. ಹಗಲಿನಲ್ಲಿ ಗುರುಗಳ ಪ್ರಬೋಧನೆ ಚಿಕ್ಕದಾಗಿತ್ತು, ಮೈಕಿನ ಅಗತ್ಯವೇ ಬೀಳಲಿಲ್ಲ, ಪೂಜೆ ಮುಗಿದ ಮೇಲೆ ಗೋದಲಿಯ ಮುಂದೆ ಎಷ್ಟು ಹೊತ್ತು ಕುಳಿತರೂ ಎಬ್ಬಿಸುವವರಿರಲಿಲ್ಲ.

ಹಾಗಾಗಿ ಮೊದಲ ಬಾರಿಗೆ ಬರುವವರು ರಾತ್ರಿಯ ಪೂಜೆಯನ್ನು ಒಮ್ಮೆ ನೋಡಲೇಬೇಕು. ಆದರೆ ಬಳಲಿ ಬರುವವರಿಗೆ ನಾನು ಹೇಳುವುದು ಹಗಲಿನದನ್ನೇ. ಅನ್ಯಧರ್ಮೀಯರು ಯಾವ ಸಂಕೋಚವೂ ಇಲ್ಲದೆ ಬರಬಹುದು. ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಯಾದ ಪರಮಪ್ರಸಾದವು ದೀಕ್ಷಾಸ್ನಾನ ಪಡೆದು ಸಿದ್ಧರಾದ ಕಥೋಲಿಕರಿಗೆ ಮಾತ್ರ ಮೀಸಲಾದದ್ದರಿಂದ ಆ ಹೊತ್ತಿನಲ್ಲಿ ಕುಳಿತಲ್ಲೇ ಇದ್ದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ರಾತ್ರಿಗೆ ಬರುವವರು ಅರ್ಧ ಗಂಟೆ ಮುಂಚೆ ಬಂದು ಮುಂದಿನ ಸಾಲುಗಳಲ್ಲಿ ಕೂರುವುದು ಒಳ್ಳೆಯದು, ಸ್ವೆಟರನ್ನೂ ಮರೆಯಬಾರದು.