ಮಲೆನಾಡಿನ ರಸ್ತೆಗೆ ಯಾವ ಅಡಾಸ್: ಬರೀ ಕ್ಯಾಮೆರಾವೋ, ರೇಡಾರ್ ಜೊತೆಗಿನದೋ?

ಅಡಾಸ್ ಎಂದರೆ ದಾರಿ ನೋಡಿ ಎಚ್ಚರಿಸುವ, ಬ್ರೇಕಿಗೂ ಸ್ಟೀರಿಂಗಿಗೂ ನೆರವಾಗುವ ಚಾಲಕ ಸಹಾಯ ವ್ಯವಸ್ಥೆ. ಬರೀ ಕ್ಯಾಮೆರಾ ಇರುವ ಕಾರಿನಲ್ಲಿ ಕಣ್ಣು ಸಾಮಾನ್ಯವಾಗಿ ಒಂದೇ, ಒಳಗಿನ ಕನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡಂತೆ. ಆಗುಂಬೆಯ ಮಂಜು, ಜಡಿಮಳೆ, ಗಾಜಿನೊಳಗಿನ ಆವಿ, ಯಾವುದು ಅಡ್ಡ ಬಂದರೂ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಬಂದು ವ್ಯವಸ್ಥೆ ಮಲಗಬಹುದು. ಗಾಜಿನ ಆವಿ ತೆಗೆಯುವ ಡಿಫಾಗರ್ ಹಾಕಿ, ವೈಪರ್ ರಬ್ಬರ್ ಮಳೆಗಾಲಕ್ಕೆ ಮೊದಲೇ ಬದಲಿಸಿ.

ರೇಡಾರ್ ರೇಡಿಯೊ ಅಲೆ ಬಿಟ್ಟು ಮುಂದಿನ ವಾಹನವನ್ನು ಗುರುತಿಸುತ್ತದೆ. ಆ ಅಲೆ ಸಾಮಾನ್ಯವಾಗಿ 77 ಗಿಗಾಹರ್ಟ್ಸ್‌ನದು, ಮಂಜಿಗೆ ಅಷ್ಟಾಗಿ ಜಗ್ಗದು. ರೇಡಾರಿನ ಶತ್ರು ಕೆಸರು. ಬಂಪರ್ ಅಥವಾ ಲಾಂಛನದ ಹಿಂದೆ ಕೂತಿರುವುದರಿಂದ ಕೆಮ್ಮಣ್ಣು ಮೆತ್ತಿದರೆ ಕುರುಡು. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಹೇರ್‌ಪಿನ್ ತಿರುವಿನಲ್ಲಿ ಮುಂದಿನ ಬಸ್ಸು ಅದರ ನೋಟದಿಂದ ಜಾರುತ್ತದೆ, ಮುಂದಿನ ವಾಹನಕ್ಕೆ ತಕ್ಕಂತೆ ವೇಗ ತಾನೇ ಹೊಂದಿಸುವ ಅಡಾಪ್ಟಿವ್ ಕ್ರೂಸ್ ದಾರಿ ಖಾಲಿಯೆಂದುಕೊಂಡು ವೇಗ ಹೆಚ್ಚಿಸಬಹುದು. ತಡೆಗೋಡೆಯನ್ನೇ ವಾಹನವೆಂದು ಬಗೆದು ಸುಮ್ಮನೆ ಬ್ರೇಕ್ ಹಾಕುವುದೂ ಉಂಟು. ಘಾಟಿಯಲ್ಲಿ ಕ್ರೂಸ್ ಆಫ್.

ಕಾರು ಗೆರೆ ದಾಟದಂತೆ ಹಿಡಿಯುವ ಲೇನ್ ಕೀಪ್ ಎರಡು ಬಗೆಯ ಕಾರಿನಲ್ಲೂ ಕ್ಯಾಮೆರಾದ್ದೇ ಕೆಲಸ. ಬಿಳಿ ಗೆರೆಯೇ ಅಳಿಸಿಹೋದ ರಸ್ತೆಯಲ್ಲಿ ಪಾಪ, ಅದೇನು ಮಾಡೀತು?

ಖರ್ಚು ಮರೆಯಬೇಡಿ. ಗಾಜು ಬದಲಿಸಿದರೆ ಕ್ಯಾಮೆರಾಕ್ಕೆ, ಬಂಪರ್ ಬಿಚ್ಚಿದರೆ ರೇಡಾರಿಗೆ ಕ್ಯಾಲಿಬ್ರೇಷನ್, ಅಂದರೆ ಅದರ ನೋಟವನ್ನು ಮತ್ತೆ ಸರಿಹೊಂದಿಸುವುದು, ಬೇಕಾಗುತ್ತದೆ. ಅದನ್ನು ಶಿವಮೊಗ್ಗದಲ್ಲೇ ಮಾಡುತ್ತಾರೋ, ಬೆಂಗಳೂರಿಗೆ ಒಯ್ಯಬೇಕೋ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ತೀರ್ಥಹಳ್ಳಿ, ಹೊಸನಗರದ ಕಡೆ ದಿನಾ ಓಡಾಡುವವರಿಗೆ ಎರಡೂ ಇರುವುದೇ ಮೇಲು. ಪೇಟೆಯೊಳಗಷ್ಟೇ ಓಡಿಸುವವರಿಗೆ ಕ್ಯಾಮೆರಾ ಸಾಕು.