ಎಸಿ ಕೂರಿಸುವ ಮುಂಚೆ ಪರ್ಮಿಟ್ ನಂಬರ್ ಕೇಳಿ

ಕ್ಯಾಲಿಫೋರ್ನಿಯಾದಲ್ಲಿ, ಅದರಲ್ಲೂ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ) ಹಳೇ ಮನೆಗಳಲ್ಲಿ ಇರುವವರು ಫರ್ನೇಸ್ (ಮನೆ ಬಿಸಿ ಮಾಡುವ ಗ್ಯಾಸ್ ಯಂತ್ರ, ಎಸಿಯ ತಂಪು ಗಾಳಿಯನ್ನೂ ಇದರ ಫ್ಯಾನೇ ಊದುತ್ತೆ), ಎಸಿ ಬದಲಿಸಬೇಕು ಅಂತಿದ್ದರೆ ಸ್ವಲ್ಪ ಇದನ್ನು ಓದಿ. ಕೊಟೇಶನ್‌ನಲ್ಲಿ "ಪರ್ಮಿಟ್ ಸೇರಿದೆ" ಅಂತ ಇದ್ದ ಮಾತ್ರಕ್ಕೆ ಪರ್ಮಿಟ್, ಅಂದರೆ ಕೆಲಸಕ್ಕೆ ಸಿಟಿಯ ಅನುಮತಿ, ತೆಗೆದಿದ್ದಾರೆ ಅಂತಲ್ಲ.

ನಮ್ಮ ಮನೆಯ ಫರ್ನೇಸ್ ಅಟ್ಟದಲ್ಲಿದೆ. ಕಂಟ್ರಾಕ್ಟರ್ (ಹೆಸರು ಬೇಡ, ದೂರು ನಡೀತಿದೆ) ಹಳೇದನ್ನು ಕಿತ್ತು ಹೊಸದನ್ನು ಕೂರಿಸಿ, ಹೊರಗೆ ಎಸಿಯ ಕಂಡೆನ್ಸರ್ ಇಟ್ಟು ಸಂಜೆಯೊಳಗೆ ಹೋದ. ಮನೆ ತಣ್ಣಗಾಯಿತು, ನಾವೂ ಖುಷಿ. ಇನ್ಸ್‌ಪೆಕ್ಷನ್ ಯಾವಾಗ ಅಂತ ಕೇಳಿದರೆ ಮಾತ್ರ ಸಿಟಿಯವರು ಬಿಜಿ, ಮುಂದಿನ ವಾರ ಅನ್ನೋದು, ಆದರೆ ಬಾಕಿ ದುಡ್ಡಿಗೆ ದಿನಾ ಮೆಸೇಜು. ಅನುಮಾನ ಬಂದು ಸಿಟಿ ವೆಬ್‌ಸೈಟಿನಲ್ಲಿ ನಮ್ಮ ವಿಳಾಸ ಹಾಕಿ ನೋಡಿದೆ. ಹಿಂದಿನ ಮಾಲೀಕರು ಛಾವಣಿ ಬದಲಿಸಿದ ಪರ್ಮಿಟ್ ಇದೆ, ವಾಟರ್ ಹೀಟರ್‌ದೂ ಇದೆ. ಎಸಿದು ಇಲ್ಲ.

ಕೇಳಿದ ಕೂಡಲೇ ವರಸೆ ಬದಲಾಯಿತು. ಹಳೇದರ ಜಾಗಕ್ಕೆ ಅಂಥದ್ದೇ ಹಾಕಿದರೆ ಪರ್ಮಿಟ್ ಬೇಡವಂತೆ. ಶುದ್ಧ ಸುಳ್ಳು, ಬೇಕೇ ಬೇಕು. ಆಮೇಲೆ "ನೀವೇ ಓನರ್-ಬಿಲ್ಡರ್ ಅಂತ ಅರ್ಜಿ ಹಾಕಿ, ಫೀ ನಾನು ಕೊಡ್ತೀನಿ" ಅಂದ. ಇದಕ್ಕಂತೂ ಯಾರೂ ಒಪ್ಪಬೇಡಿ. ಓನರ್-ಬಿಲ್ಡರ್ ಅಂದರೆ ಮನೆ ಮಾಲೀಕರೇ ಕಂಟ್ರಾಕ್ಟರ್ ಇದ್ದ ಹಾಗೆ, ಹಾಗೆ ಸಹಿ ಹಾಕಿದರೆ ಕೆಲಸದ ಪೂರ್ತಿ ಹೊಣೆ ನಿಮ್ಮದಾಗುತ್ತದೆ, ಅವನ ಹುಡುಗರಿಗೆ ವರ್ಕರ್ಸ್ ಕಾಂಪ್ ಇನ್ಶೂರೆನ್ಸ್ ಇಲ್ಲದೆ ಯಾರಾದರೂ ಅಟ್ಟದಿಂದ ಬಿದ್ದು ಕೈ ಮುರಿದುಕೊಂಡರೆ ಅದೂ ನಿಮ್ಮ ತಲೆಗೇ ಬರಬಹುದು.

ಕೊನೆಗೆ ಬೇರೊಬ್ಬ ಕಂಟ್ರಾಕ್ಟರನ್ನು ಹಿಡಿದು ಪರ್ಮಿಟ್ ಮಾಡಿಸಿದೆವು. ಕೆಲಸ ಆದಮೇಲೆ ಬಂದಿದ್ದೀರಿ ಅಂತ ಸಿಟಿ ಡಬಲ್ ಫೀ ಹಾಕಿತು. ಇನ್ಸ್‌ಪೆಕ್ಟರ್ ಟಾರ್ಚ್ ಹಿಡಿದು ಅಟ್ಟ ಹತ್ತಿದವರು ಮೊದಲು ಗ್ಯಾಸ್ ಪೈಪ್ ನೋಡಿದರು. ಮೊದಲಿನ ಕಂಟ್ರಾಕ್ಟರ್ ಬಳುಕುವ ಗ್ಯಾಸ್ ಕನೆಕ್ಟರನ್ನು ಫರ್ನೇಸಿನ ತಗಡಿನ ತೂತಿನೊಳಗೇ ತೂರಿಸಿಬಿಟ್ಟಿದ್ದ. ಫ್ಯಾನ್ ಅದುರಿದಾಗಲೆಲ್ಲ ತಗಡಿನ ಅಂಚು ಅದಕ್ಕೆ ಉಜ್ಜುತ್ತಿತ್ತು, ಆ ಜಾಗದಲ್ಲಿ ಹೊಳೆಯುವ ಗೀರು ನಾನೇ ನೋಡಿದೆ. ತೂತಿನೊಳಗೆ ಹೋಗಬೇಕಾದದ್ದು ಗಟ್ಟಿ ಕಬ್ಬಿಣದ ಪೈಪು, ಬಳುಕುವುದು ಹೊರಗಡೆ ಮಾತ್ರ. ಯೂನಿಟ್ ಕೆಳಗೆ ಡ್ರೈನ್ ಪ್ಯಾನ್ (ಎಸಿಯಿಂದ ಸೋರುವ ನೀರು ಹಿಡಿಯುವ ತಟ್ಟೆ) ಇರಲಿಲ್ಲ, ನೀರು ಕಟ್ಟಿಕೊಂಡರೆ ಸೀದಾ ಮಕ್ಕಳ ರೂಮಿನ ಸೀಲಿಂಗಿಗೆ. ಕಂಡೆನ್ಸರ್ ಮೇಲಿನ ಪ್ಲೇಟಿನಲ್ಲಿ ಬ್ರೇಕರ್ ಜಾಸ್ತಿ ಅಂದರೆ 30 ಆಂಪ್ಸ್ ಅಂತ ಬರೆದಿದೆ, ಪ್ಯಾನೆಲ್‌ನಲ್ಲಿ ಹಳೇ 40ರದ್ದೇ ಕೂತಿತ್ತು. ಸ್ಮೋಕ್ ಅಲಾರಂ ಹಳೇದಾಗಿದೆ ಅಂತ ಅದಕ್ಕೂ ಫೇಲ್! ಎಸಿಗೂ ಅದಕ್ಕೂ ಏನು ಸಂಬಂಧ ಅಂತ ಗೊಣಗಿದೆ, ಆದರೆ ಈ ರಾಜ್ಯದಲ್ಲಿ 1,000 ಡಾಲರ್ ಮೀರಿದ ಪರ್ಮಿಟ್ ಕೆಲಸ ಪಾಸಾಗಬೇಕಾದರೆ ಅದೂ ಸರಿಯಿರಬೇಕು.

ಇನ್ನು ಡಕ್ಟ್, ಅಂದರೆ ರೂಮುಗಳಿಗೆ ಗಾಳಿ ಒಯ್ಯುವ ಕೊಳವೆಗಳ, ಸೋರಿಕೆ ಟೆಸ್ಟ್. ಕಂಟ್ರಾಕ್ಟರ್‌ಗೆ ಸಂಬಂಧ ಇಲ್ಲದ ರೇಟರ್ (ಇಂಥ ಟೆಸ್ಟ್ ಮಾಡುವ ಪರೀಕ್ಷಕರು) ಬಂದು, ಗಾಳಿ ಬರುವ ಜಾಲರಿಗಳಿಗೆಲ್ಲ ಪ್ಲಾಸ್ಟಿಕ್ ಅಂಟಿಸಿ, ಫ್ಯಾನಿನಿಂದ ಗಾಳಿ ತುಂಬಿಸಿ ಎಷ್ಟು ಸೋರುತ್ತೆ ಅಂತ ಅಳೆಯುತ್ತಾರೆ. ನಮ್ಮಲ್ಲಿ ಒಂದು ಡಕ್ಟ್ ಅರ್ಧ ಕಳಚಿಕೊಂಡೇ ಇತ್ತು. ಅಂದರೆ ಬೇಸಿಗೆಯೆಲ್ಲ ಕರೆಂಟ್ ಬಿಲ್ ಕಟ್ಟಿ ನಾವು ತಂಪು ಮಾಡಿದ್ದು ಅಟ್ಟವನ್ನು.

ಸುಮ್ನೆ ಬಿಟ್ಟಿದ್ದರೆ ಯಾರಿಗೆ ಗೊತ್ತಾಗ್ತಿತ್ತು ಅಂತ ಕೆಲವು ಸ್ನೇಹಿತರು ಕೇಳಿದರು. ಮನೆ ಮಾರುವಾಗ ಪರ್ಮಿಟ್ ಇಲ್ಲದೆ ಮಾಡಿಸಿದ ಕೆಲಸವನ್ನು ಬರೆದು ತಿಳಿಸಬೇಕು ಕಣ್ರೀ, ಆಗ ಕೊಳ್ಳುವವರು ಬೆಲೆ ಇಳಿಸುತ್ತಾರೆ. ಆ ಗ್ಯಾಸ್ ಪೈಪ್ ಅಲ್ಲಿಯವರೆಗೂ ಕಾಯಬೇಕಲ್ವಾ?

ಹೀಗೆ ಮಾಡಿ. ಸಿಎಸ್‌ಎಲ್‌ಬಿ, ಅಂದರೆ ರಾಜ್ಯದ ಕಂಟ್ರಾಕ್ಟರ್ ಲೈಸೆನ್ಸ್ ಬೋರ್ಡ್, ಅದರ ಸೈಟಿನಲ್ಲಿ ಸಿ-20 (ಹೀಟಿಂಗ್, ಎಸಿ ಕೆಲಸದ) ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ವರ್ಕರ್ಸ್ ಕಾಂಪ್ ಇದೆಯಾ ನೋಡಿ. ಅಡ್ವಾನ್ಸ್ ಅಂತ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ, ಕಾನೂನೇ ಇದೆ. ಪರ್ಮಿಟ್ ನಂಬರ್ ಸಿಟಿ ಸೈಟಿನಲ್ಲಿ ಕಾಣುವವರೆಗೂ ಹಳೇ ಯೂನಿಟ್ ಮುಟ್ಟಲು ಬಿಡಬೇಡಿ. ಫೈನಲ್ ಇನ್ಸ್‌ಪೆಕ್ಷನ್ ಪಾಸಾದ ಮೇಲೆಯೇ ಕೊನೇ ಕಂತು ಅಂತ ಕಾಂಟ್ರಾಕ್ಟ್‌ನಲ್ಲೇ ಬರೆಸಿ. ನಮ್ಮ ಕೈಯಲ್ಲಿ ಆ ಬಾಕಿ ಉಳಿದಿದ್ದಕ್ಕೇ ರಿಪೇರಿ ಖರ್ಚು ಸ್ವಲ್ಪವಾದರೂ ಗಿಟ್ಟಿತು. ಡಬಲ್ ಫೀ ಮಾತ್ರ ಇನ್ನೂ ಬಂದಿಲ್ಲ.